ಊರು ಬಿಟ್ಟ ಎತ್ತು: ಹಾಡಿನ ಜೊತೆ ಅಂಗಿ ಮಾರಿದ ಲೆಕ್ಕ

(ಸೈಪ್ರೆಸ್‌ನಲ್ಲಿ ನಡೆದ ನಮ್ಮ ವೇದಿಕೆಯ ವಾರ್ಷಿಕ ಸಭೆಯಲ್ಲಿ ಆಡಿದ ಮಾತು. ಸಂಪಾದಕರು ಕೇಳಿದ್ದಕ್ಕೆ ಬರೆದುಕೊಟ್ಟಿದ್ದೇನೆ. ಮಾತಿನ ಧಾಟಿ ಹಾಗೇ ಇರಲಿ ಅಂತ ಹೆಚ್ಚು ತಿದ್ದಲಿಲ್ಲ.)

ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ, ಬಿಸಿಬೇಳೆಬಾತಿನ ವಾಸನೆ ಆಗಲೇ ಇಲ್ಲಿಗೆ ಬರ್ತಿದೆ. ಹಸಿದವರ ಮುಂದೆ ಭಾಷಣ ಮಾಡೋನು ದಡ್ಡ ಅಂತ ನನಗೆ ಗೊತ್ತು. ಆದರೂ ಕಾರ್ಯದರ್ಶಿಗಳು ಬಿಡಲಿಲ್ಲ. "ನೀವು ಹಾಡೋದು ಬೇಡ, ಟೀ ಶರ್ಟ್ ಮಾರಿದ ಕಥೆ ಹೇಳಿ ಸಾಕು" ಅಂದರು. ಹಾಡುಗಾರನಿಗೆ ಇದಕ್ಕಿಂತ ದೊಡ್ಡ ವಿಮರ್ಶೆ ಬೇಕಾ?

ಮೊದಲು ಈ ಅಂಗಿ ನೋಡಿ. ಹಿಂದಿನ ಸಾಲಿನವರಿಗೆ ಕಾಣ್ತಿದೆಯಾ? ಮೇಲೆ ಒಂದು ಎತ್ತಿನ ಮುಖ, ಕೆಳಗೆ ಅಕ್ಷರ. ಇದ್ದಿದ್ದು ಇದ್ದ ಹಾಗೆ ಓದಿ. "ಊರು ಬಿಟ್‌ಟ ಎತ್‌ತು." ನಗ್ತಿದ್ದೀರಿ. 2016ರಲ್ಲಿ ಇಂಥವು ಎಪ್ಪತ್ತೆರಡು ನಮ್ಮ ಮನೆಗೆ ಬಂದವು. ಆರುನೂರು ಡಾಲರ್ ಚಿಲ್ಲರೆ ಕೊಟ್ಟು ತರಿಸಿದ್ದು. ಅವತ್ತು ನಾವ್ಯಾರೂ ನಗಲಿಲ್ಲ.

ಅದು ಆಮೇಲೆ. ನಮ್ಮ ಸೋದರಮಾವನ ವಿಷಯ ಹೇಳದೆ ಇದು ಶುರುವಾಗಲ್ಲ.

ನಮ್ಮದು ತಿಪಟೂರು ಕಡೆ. ಮಾವ ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸ್ತಿದ್ದರು. ಗುಬ್ಬಿ ವೀರಣ್ಣನವರ ಸೀಮೆಯಲ್ಲಿ ಹುಟ್ಟಿದವರಿಗೆ ನಾಟಕದ ಹುಚ್ಚು ಹಿಡಿಯೋದು ಹೊಸದಲ್ಲ. ಕಂಪನಿ ಸಂಬಳ ತಿಂಗಳಿಗೊಮ್ಮೆ ಅಂತ ಹೆಸರು, ಬರೋದು ಮಳೆ ಬಂದ ಹಾಗೆ. ಆದರೆ ಇಂಟರ್‌ವಲ್‌ನಲ್ಲಿ ಹಾಡಿನ ಪುಸ್ತಕ ಮಾರ್ತಿದ್ದರು. ತೆಳ್ಳನೆ ಕಾಗದ, ಬಣ್ಣದ ರಟ್ಟು, ಒಳಗೆ ಕಥಾಸಾರಾಂಶ, ಹಾಡುಗಳು. ಮಾವ ಹಾರ್ಮೋನಿಯಂ ಮುಚ್ಚಿಟ್ಟು, ಹೆಗಲ ಮೇಲೆ ಪುಸ್ತಕದ ಕಟ್ಟು ಹಾಕ್ಕೊಂಡು ನೆಲದ ಕ್ಲಾಸಿನಿಂದ ಕುರ್ಚಿ ಕ್ಲಾಸಿನವರೆಗೂ ಒಂದು ಸುತ್ತು ಬರ್ತಿದ್ದರು. ಪುಸ್ತಕಕ್ಕೆ ಇಷ್ಟು ಅಂತ ಅವರ ಪಾಲು, ಅವತ್ತಿನದು ಅವತ್ತೇ ಕೈಗೆ. "ಸಂಬಳ ಕಂಪನಿದು ಕಣೋ, ಪುಸ್ತಕದ ಕಾಸು ನನ್ನದು" ಅನ್ನೋರು. ನಾನು ಇಲ್ಲಿ ಮರ್ಚ್ ಮರ್ಚ್ ಅಂತ ಕುಣಿಯೋದನ್ನ ಮಾವನಿಗೆ ಫೋನಿನಲ್ಲಿ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇಂಟರ್‌ವಲ್‌ನಲ್ಲಿ ಮಾರ್ತೀರಾ, ಮುಗಿದ ಮೇಲೆ ಮಾರ್ತೀರಾ?" ಮುಗಿದ ಮೇಲೆ ಅಂದೆ. "ಹಾಗಾದರೆ ಅರ್ಧ ಹೋಯ್ತು" ಅಂದರು. ನಿಜ. ಮುಗಿದ ಮೇಲೆ ಜನರ ಕಣ್ಣು ಪಾರ್ಕಿಂಗ್ ಮೇಲೆ, ಕೈ ಮಗುವಿನ ಚಪ್ಪಲಿ ಹುಡುಕೋದರಲ್ಲಿ. ಅವತ್ತಿನಿಂದ ನಾವು ಮಧ್ಯದಲ್ಲಿ ಹದಿನೈದು ನಿಮಿಷ ಬಿಡುವು ಕೊಡ್ತೀವಿ.

ಕರಾವಳಿಯವರು ಇಲ್ಲಿ ಕೂತಿದ್ದೀರಿ, ನಿಮಗೆ ಯಕ್ಷಗಾನ ಪ್ರಸಂಗದ ಪುಸ್ತಕ ಗೊತ್ತು. ಉಡುಪಿಯ ಪಾವಂಜೆಯವರ ಪುಸ್ತಕ ಎಷ್ಟು ಮನೆಯ ಅಟ್ಟದಲ್ಲಿದೆಯೋ! ಸಿನಿಮಾ ಟೆಂಟಿನಲ್ಲಿ ಪದ್ಯದ ಪುಸ್ತಕ ಬೇರೆ. ಆಮೇಲೆ ಕ್ಯಾಸೆಟ್ ಬಂತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂತು, ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅಂತ ಅದನ್ನ ಹೇಳ್ತಾರೆ. ಆ ಹಾಡು ಕೇಳಬೇಕು ಅಂದರೆ ಅನಂತಸ್ವಾಮಿಯವರೇ ಊರಿಗೆ ಬರಬೇಕಿದ್ದ ಕಾಲ ಹೋಯ್ತು. ನಮ್ಮಲ್ಲಿ ಹಿರಿಯರು, ಮೂವತ್ತು ನಲವತ್ತು ವರ್ಷದ ಹಿಂದೆ ಟೆಕ್ಸಸ್‌ಗೆ ಬಂದವರು, ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಡಬ್ಬಿ ಪಕ್ಕ ಕ್ಯಾಸೆಟ್ ಜೋಡಿಸಿಕೊಂಡು ಬಂದವರೇ. ಚಟ್ನಿಪುಡಿ ಮುಗೀತು, ಕ್ಯಾಸೆಟ್ ಸವೆಯೋವರೆಗೂ ಓಡ್ತು.

ಈ ಊರಿನ ಎರಡು ಕಥೆ ಹೇಳ್ತೀನಿ. ನಾವು ಇಲ್ಲಿ ಇಷ್ಟು ವರ್ಷ ಇದ್ದೂ ಇಲ್ಲಿನವರ ವಿಷಯ ತಿಳ್ಕೊಳ್ಳೋದು ಕಡಿಮೆ.

ನಾವೆಲ್ಲ ದಿನಾ ಬೈಕೊಂಡು ಓಡಾಡೋ 290 ಹೆದ್ದಾರಿ ಇದೆಯಲ್ಲ, ಅದರಲ್ಲೇ ಇಲ್ಲಿಂದ ಆಸ್ಟಿನ್ ಕಡೆಗೆ ಸ್ವಲ್ಪ ಹೋದರೆ ವಾಲರ್ ಅಂತ ಸಣ್ಣ ಊರು ಸಿಗುತ್ತೆ. ಅಲ್ಲಿ ಡ್ಯಾನಿಯಲ್ ಜಾನ್‌ಸ್ಟನ್ ಅನ್ನೋ ಹಾಡುಗಾರ ಅಪ್ಪ ಅಮ್ಮನ ಜೊತೆ ಬಹಳ ವರ್ಷ ಇದ್ದ. 2019ರ ಸೆಪ್ಟೆಂಬರಿನಲ್ಲಿ ತೀರಿಕೊಂಡ, 58 ವರ್ಷ. ಮನಸ್ಸಿನ ಕಾಯಿಲೆಯಲ್ಲಿ ಬಹಳ ನರಳಿದ ಮನುಷ್ಯ. ಹುಡುಗನಾಗಿದ್ದಾಗ ಹ್ಯೂಸ್ಟನ್‌ಗೆ ಅಣ್ಣನ ಮನೆಗೆ ಬಂದು, ಆಗ ಇದ್ದ ಆಸ್ಟ್ರೋವರ್ಲ್ಡ್ ಪಾರ್ಕಿನಲ್ಲಿ ಕೆಲಸ ಮಾಡಿದ. ಆಮೇಲೆ ಆಸ್ಟಿನ್‌ನಲ್ಲಿ ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ. ಅಗ್ಗದ ಟೇಪ್ ರೆಕಾರ್ಡರ್ ಮುಂದೆ ಕೂತು ಹಾಡಿ ಕ್ಯಾಸೆಟ್ ಮಾಡ್ತಿದ್ದ, ರಟ್ಟಿನ ಮೇಲೆ ತಾನೇ ಚಿತ್ರ ಬರೀತಿದ್ದ, ಸಿಕ್ಕಿದವರ ಕೈಗೆ ಕೊಡ್ತಿದ್ದ. ಮೊದಮೊದಲು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲು ಮಾಡೋ ಅನುಕೂಲ ಇರಲಿಲ್ಲವಂತೆ. ಇನ್ನೊಬ್ಬರು ಕೇಳಿದರೆ ಇಡೀ ಆಲ್ಬಂ ಮತ್ತೆ ಹಾಡಿ ಇನ್ನೊಂದು ಕ್ಯಾಸೆಟ್ ಮಾಡಿಕೊಡೋನು. ಯೋಚನೆ ಮಾಡಿ, ಹತ್ತು ಜನ ಕೇಳಿದರೆ ಹತ್ತು ಸಲ.

1983ರ ಅವನ 'ಹಾಯ್, ಹೌ ಆರ್ ಯು' ಕ್ಯಾಸೆಟ್ಟಿನ ರಟ್ಟಿನ ಮೇಲೆ, ಕಣ್ಣು ಎರಡು ಕೊಂಬಿನ ಹಾಗೆ ಎದ್ದು ನಿಂತಿರೋ ಒಂದು ಕಪ್ಪೆ ಇದೆ. ಮಕ್ಕಳು ಬರೆದ ಹಾಗಿದೆ. ಆ ಚಿತ್ರ ಟೀ ಶರ್ಟ್ ಆಯ್ತು. 1992ರಲ್ಲಿ ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ ಆ ಶರ್ಟ್ ಹಾಕ್ಕೊಂಡು ಎಂಟಿವಿ ಪ್ರಶಸ್ತಿ ಸಮಾರಂಭಕ್ಕೆ ಬಂದ. ಅದುವರೆಗೂ ಆಸ್ಟಿನ್ ಆಚೆ ಕೆಲವರಿಗಷ್ಟೇ ಗೊತ್ತಿದ್ದ ಹೆಸರು, ಆಮೇಲೆ ದೊಡ್ಡ ದೊಡ್ಡ ಕಂಪನಿಗಳು ಅವನನ್ನ ಹುಡುಕ್ಕೊಂಡು ಬಂದವು. 1993ರಲ್ಲಿ ಆಸ್ಟಿನ್‌ನ ಗ್ವಾಡಲೂಪ್ ರಸ್ತೆಯ ರೆಕಾರ್ಡ್ ಅಂಗಡಿ ಗೋಡೆ ಮೇಲೆ ಅದೇ ಕಪ್ಪೆ ಬರೆದ. ಅಂಗಡಿ ಮುಚ್ಚಿತು, ಬೇರೆ ಹೋಟೆಲ್ ಬಂತು, ಗೋಡೆ ಒಡೆಯೋಕೆ ಹೊರಟಾಗ ಊರಿನವರು ಬಿಡಲಿಲ್ಲ. ಯೂನಿವರ್ಸಿಟಿ ನೋಡೋಕೆ ಮಕ್ಕಳನ್ನ ಕರ್ಕೊಂಡು ಹೋದರೆ 21ನೇ ಬೀದಿ ಮೂಲೆಯಲ್ಲಿ ನೋಡಿ ಬನ್ನಿ. ಜನ ಅಲ್ಲಿ ಫೋಟೋ ತೆಗೆಸಿಕೊಳ್ತಾ ಇರ್ತಾರೆ, ಅವರಲ್ಲಿ ಎಷ್ಟು ಜನ ಅವನ ಹಾಡು ಕೇಳಿದ್ದಾರೋ ಗೊತ್ತಿಲ್ಲ.

ಇನ್ನೊಬ್ಬ ಹ್ಯೂಸ್ಟನ್ ದಕ್ಷಿಣದವನು, ಡಿಜೆ ಸ್ಕ್ರೂ. ರಾಪ್ ಹಾಡುಗಳನ್ನ ನಿಧಾನ ಮಾಡಿ, ಎಳೆದು, ಕತ್ತರಿಸಿ ಜೋಡಿಸೋ ಒಂದು ಶೈಲಿಯನ್ನೇ ಹುಟ್ಟುಹಾಕಿದವನು. 1990ರ ದಶಕದಲ್ಲಿ ಬೂದು ಬಣ್ಣದ ಕ್ಯಾಸೆಟ್ಟಿಗೆ ತುಂಬಿ ಮನೆ ಬಾಗಿಲಲ್ಲೇ ಹತ್ತು ಡಾಲರ್‌ಗೆ ಮಾರ್ತಿದ್ದ. ಸಂಜೆ ಆದರೆ ಮನೆ ಮುಂದೆ ಕಾರುಗಳ ಸಾಲು. ಇಷ್ಟು ಕಾರು ಬರ್ತಿದೆ ಅಂದರೆ ಇದು ಡ್ರಗ್ಸೇ ಇರಬೇಕು ಅಂತ ಪೊಲೀಸರಿಗೂ ಅನುಮಾನ ಬಂತಂತೆ. ಬರೀ ಕ್ಯಾಸೆಟ್! 1998ರಲ್ಲಿ ಸ್ವಂತ ಅಂಗಡಿ ಹಾಕಿದ, 2000ದಲ್ಲಿ ತೀರಿಕೊಂಡ, ಮೂವತ್ತೂ ತುಂಬಿರಲಿಲ್ಲ. ಇವತ್ತು ಅವನ ರೆಕಾರ್ಡುಗಳ ಸಂಗ್ರಹ ಹ್ಯೂಸ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ಇವರಿಬ್ಬರೂ ಯಾರ ಅಪ್ಪಣೆಗೂ ಕಾಯಲಿಲ್ಲ. ಮನೆಯಲ್ಲಿ ಮಾಡಿದರು, ಬಾಗಿಲಲ್ಲಿ ಕೊಟ್ಟರು. ನಮಗೂ ಅವರಿಗೂ ಇರೋ ವ್ಯತ್ಯಾಸ ಅಲ್ಲೇ. ನಮಗೆ ಅಪ್ಪಣೆ ಬೇಕು.

ನಾನು 2009ರಲ್ಲಿ ಎಚ್-1ಬಿ ಮೇಲೆ ಬಂದವನು. 2013ರಲ್ಲಿ ನಮ್ಮ ಗ್ಯಾರೇಜಿನಲ್ಲಿ ನಾಲ್ಕು ಜನ ಸೇರಿ ಹಾಡೋಕೆ ಶುರು ಮಾಡಿದ್ವಿ. ಗಿಟಾರ್, ಕೀಬೋರ್ಡ್, ತಬಲ, ನನ್ನ ಗಂಟಲು. ಮಾರನೇ ವರ್ಷ ಆರು ಹಾಡಿನ ಸಿಡಿ ಮಾಡಿಸಿದ್ವಿ. ನೂರಕ್ಕೂ ಮುನ್ನೂರಕ್ಕೂ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ, ನಮ್ಮ ಬುದ್ಧಿ ನಿಮಗೆ ಗೊತ್ತಲ್ಲ, ಮುನ್ನೂರು ತರಿಸಿದ್ವಿ. ಐದು ಡಾಲರ್‌ಗೆ ಮಾರೋಣ ಅಂತ ಹೊರಟಾಗ ಒಬ್ಬ ಸ್ನೇಹಿತ "ಯಾವುದಕ್ಕೂ ವಕೀಲರನ್ನ ಕೇಳು" ಅಂದ. ಕೇಳಿದೆ. ಎಚ್-1ಬಿಯವನು ತನ್ನನ್ನ ಕರೆಸಿಕೊಂಡ ಕಂಪನಿಗೆ ಮಾತ್ರ ದುಡಿಯಬಹುದು. ಸಿಡಿ ಮಾರಿ ಐದು ಡಾಲರ್ ಜೇಬಿಗೆ ಹಾಕಿದರೂ ಅದು ಕೆಲಸವೇ. "ಟೇಬಲ್ ಮೇಲೆ ಕಾಣಿಕೆ ಡಬ್ಬಿ ಇಟ್ಟರೆ?" ಅಂದೆ. ಅವರು ಆ ಕಡೆಯಿಂದ ನಿಟ್ಟುಸಿರು ಬಿಟ್ಟಿದ್ದು ಫೋನಿನಲ್ಲಿ ಕೇಳಿಸಿತು.

ನನಗೆ ಹೇಳಿದವರು ಬೇಕಾದಷ್ಟು ಜನ. "ನಗದು ತಗೋ, ಯಾರು ನೋಡ್ತಾರೆ?" ಯಾರೂ ನೋಡಲ್ಲ, ನಿಜ. ಆದರೆ ಊರಿಗೆ ಹೋದಾಗ ಸ್ಟಾಂಪಿಂಗ್ ಕಿಟಕಿ ಮುಂದೆ ನಿಲ್ಲೋನು ನಾನು. ಅಪ್ಪನಿಗೆ ಹುಷಾರಿಲ್ಲ ಅಂತ ಎದ್ದುಬಿದ್ದು ಹೋಗಿ, ವಾಪಸ್ ಬರೋವಾಗ ಐದು ಡಾಲರ್ ಸಿಡಿಗೋಸ್ಕರ ಎದೆ ಹೊಡ್ಕೊಳ್ಳೋದು ನನ್ನಿಂದ ಆಗಲ್ಲ. ಹಾಗಾಗಿ ಬಿಟ್ಟಿ ಕೊಟ್ಟೆವು. ಬಿಟ್ಟಿ ಕೊಟ್ಟಿದ್ದನ್ನ ಯಾರು ಕೇಳ್ತಾರೆ? ನೂರು ಸಿಡಿ ಹೋಯ್ತು, ಇನ್ನೂರು ಗ್ಯಾರೇಜಿನ ನೆಲದ ಮೇಲೆ ಡಬ್ಬದಲ್ಲಿ ಕೂತಿತು. 2016ರ ಏಪ್ರಿಲ್ 18, ಟ್ಯಾಕ್ಸ್ ಕಟ್ಟೋಕೆ ಕೊನೇ ದಿನ, ಈ ಭಾಗದಲ್ಲಿ ಇದ್ದವರಿಗೆ ನೆನಪಿರುತ್ತೆ. ರಾತ್ರಿಯೆಲ್ಲ ಸುರಿದು ಸೈಪ್ರೆಸ್ ಕ್ರೀಕ್ ಉಕ್ಕಿತು. ಗ್ಯಾರೇಜಿನಲ್ಲಿ ಮೊಣಕಾಲಿನ ಅರ್ಧದವರೆಗೂ ನೀರು. ನೀರು ಇಳಿದ ಮೇಲೆ ನೋಡಿದರೆ ರಟ್ಟು ಎಲ್ಲ ಅಂಬಲಿ, ಸಿಡಿಗಳು ಮಾತ್ರ ಫಳಫಳ ಹೊಳೀತಿದ್ದವು. ಮನೆ ಕಳ್ಕೊಂಡವರು ಇದ್ದರು, ನಮ್ಮದು ದೊಡ್ಡದಲ್ಲ. ಆದರೂ ಎಸೆಯೋವಾಗ ಕೈ ಬರಲಿಲ್ಲ.

ಅಷ್ಟರಲ್ಲಿ ಒಂದು ಒಳ್ಳೇದಾಗಿತ್ತು. 2015ರಲ್ಲಿ, ಗ್ರೀನ್ ಕಾರ್ಡಿನ ಐ-140 ಮಂಜೂರಾದವರ ಎಚ್-4 ಗಂಡ ಹೆಂಡತಿಗೆ ಕೆಲಸದ ಪರವಾನಗಿ ಕೊಡೋ ನಿಯಮ ಬಂತು. ನಮ್ಮ ಮನೆಯವರಿಗೆ 2016ರ ಜನವರಿಯಲ್ಲಿ ಕಾರ್ಡ್ ಬಂತು. ಊರಿನಲ್ಲಿ ಬ್ಯಾಂಕಿನಲ್ಲಿದ್ದವರು, ಇಲ್ಲಿ ಆರು ವರ್ಷ ಮನೆಯಲ್ಲಿ ಕೂತಿದ್ದರು. ಕಾರ್ಡ್ ಕೈಗೆ ಬಂದ ವಾರವೇ, "ರೀ, ನಿಮ್ಮ ಬ್ಯಾಂಡಿನ ಅಂಗಡಿ ನನ್ನದು" ಅಂದರು. ಹ್ಯಾರಿಸ್ ಕೌಂಟಿ ಕ್ಲರ್ಕ್ ಆಫೀಸಿನಲ್ಲಿ ವ್ಯಾಪಾರದ ಹೆಸರು ನೋಂದಾಯಿಸಿದ್ದು ಅವರು, ಸೇಲ್ಸ್ ಟ್ಯಾಕ್ಸ್ ಪರ್ಮಿಟ್ ತೆಗೆಸಿದ್ದು ಅವರು. ಮಾಲೀಕರು ಅವರು. ನಾನು ಹಾಡೋನು, ಅದೂ ಬಿಟ್ಟಿ.

ಪರ್ಮಿಟ್ ಅಂದ ಕೂಡಲೇ ಹೆದರಬೇಡಿ. ಟೆಕ್ಸಸ್‌ನಲ್ಲಿ ಅದಕ್ಕೆ ಫೀಸು ಇಲ್ಲ, ಕಂಟ್ರೋಲರ್ ಆಫೀಸಿಗೆ ಅರ್ಜಿ ಹಾಕಿದರೆ ಸಾಕು. ರಾಜ್ಯದ ತೆರಿಗೆ ಶೇ. 6.25, ಅದರ ಮೇಲೆ ಊರಿನದು ಶೇ. 2ರವರೆಗೆ. ನಮ್ಮ ಸೈಪ್ರೆಸ್ ಹೆಸರಿಗೆ ಊರು, ನಗರಸಭೆ ಇಲ್ಲ. ಅದಕ್ಕೇ ವಿಳಾಸ ಹಾಕಿ ದರ ನೋಡ್ಕೋಬೇಕು, ಒಂದು ಬೀದಿಗೂ ಇನ್ನೊಂದಕ್ಕೂ ಬೇರೆ ಇರಬಹುದು. ಮಾರಾಟ ಆಗದ ಅವಧಿಯಲ್ಲೂ ಸೊನ್ನೆ ಅಂತ ಲೆಕ್ಕ ಸಲ್ಲಿಸಬೇಕು. ನಾವು ಒಂದು ಸಲ ಮರೆತು ದಂಡ ಕಟ್ಟಿದ್ವಿ. ಇನ್ನೊಂದು ವಿಷಯ ಸಂಘ ನಡೆಸೋರಿಗೆ: ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ವರ್ಷಕ್ಕೆ ಎರಡು ಸಲ, ಒಂದೊಂದು ದಿನ, ಸೇಲ್ಸ್ ಟ್ಯಾಕ್ಸ್ ಇಲ್ಲದೆ ಮಾರಬಹುದು. ಆದರೆ ಮಾರೋದು ಸಂಸ್ಥೆಯೇ ಆಗಿರಬೇಕು, ಅದರ ಹೆಸರಿನಲ್ಲಿ ನಾವಲ್ಲ. ಇದೆಲ್ಲ ನನ್ನ ಅನುಭವ. ನಿಮ್ಮ ಸ್ಟೇಟಸ್ ಏನೋ, ನಿಮ್ಮ ವಕೀಲರನ್ನ ಕೇಳಿ. ನನ್ನ ಮಾತು ನಂಬಿ ಯಾರೂ ಟೇಬಲ್ ಹಾಕಬೇಡಿ.

ಸಿಡಿ ನೀರಿಗೆ ಹೋಯ್ತಲ್ಲ, ಇನ್ನು ಸಿಡಿ ಬೇಡ, ಒದ್ದೆ ಆದರೆ ಒಣಗಿಸಬಹುದಾದ್ದು ಮಾಡೋಣ ಅಂತ ಟೀ ಶರ್ಟಿಗೆ ಬಂದ್ವಿ. ಚಿತ್ರ ಬರೆದವನು ನಮ್ಮ ತಬಲ ಹುಡುಗ. ದಾವಣಗೆರೆಯವನು, ಇಲ್ಲಿ ಎಂಎಸ್ ಮುಗಿಸಿದ್ದ. ಪ್ರಾಕ್ಟೀಸ್ ಆದಮೇಲೆ ಪಿಜ್ಜಾ ಡಬ್ಬದ ಮುಚ್ಚಳದ ಮೇಲೆ ಬರೆದ. ಎತ್ತಿನ ಮುಖ, ಸಂಕ್ರಾಂತಿಗೆ ಕಿಚ್ಚು ಹಾಯಿಸೋ ಹಾಗೆ ಅಲಂಕಾರ, ಕೊಂಬಿಗೆ ಕುಚ್ಚು. "ಅಣ್ಣ, ಟೆಕ್ಸಸ್‌ನೋರು ನೋಡಿದರೆ ಲಾಂಗ್‌ಹಾರ್ನ್ ಅನ್ಕೋತಾರೆ, ನಮ್ಮೋರು ನೋಡಿದರೆ ಅಮೃತಮಹಲ್" ಅಂದ. ಮೊದಲ ಸಲ ಕೊಂಬನ್ನ ಎರಡೂ ಪಕ್ಕಕ್ಕೆ ಚಾಚಿ ಬರೆದಿದ್ದ. ಆಸ್ಟಿನ್ ಯೂನಿವರ್ಸಿಟಿಯ ಲಾಂಛನ ಹಾಗೇ ಇದೆ, ಅದು ಅವರ ಟ್ರೇಡ್‌ಮಾರ್ಕ್, ನಮಗೆ ಯಾಕೆ ಬೇಕು? ಅಮೃತಮಹಲ್ ಕೊಂಬು ಹಿಂದಕ್ಕೆ ಹೋಗಿ ಮೇಲಕ್ಕೆ ಏಳುತ್ತೆ. ಹಾಗೆ ತಿದ್ದಿದ. ತಿದ್ದಿದ ಮೇಲೇ ಅದಕ್ಕೆ ಜೀವ ಬಂತು. ಕೆಳಗಿನ ಸಾಲು ಎಲ್ಲರೂ ಸೇರಿ ಮಾಡಿದ್ದು, "ಊರು ಬಿಟ್ಟ ಎತ್ತು".

ಯಾವುದಾದರೂ ಪ್ರಸಿದ್ಧ ಕವಿತೆಯ ಸಾಲು ಹಾಕಿ, ಚೆನ್ನಾಗಿ ಹೋಗುತ್ತೆ ಅಂತ ಹೇಳಿದವರೂ ಇದ್ದರು. ಹಾಡಿದ್ದನ್ನೆಲ್ಲ ಅಂಗಿ ಮೇಲೆ ಅಚ್ಚು ಹಾಕೋ ಹಕ್ಕು ನಮಗಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಮನೆಯವರದು. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಕುವೆಂಪು 1994ರಲ್ಲಿ, ಲೆಕ್ಕ ಹಾಕ್ಕೊಳ್ಳಿ. ವಚನ, ದಾಸರ ಪದ, ಶಿಶುನಾಳ ಶರೀಫರು ಆದರೆ ಯಾರ ಅಡ್ಡಿಯೂ ಇಲ್ಲ. ನಾವು ನಮ್ಮದೇ ಮಾತು ಹಾಕಿದ್ವಿ, ಅದೇ ಕ್ಷೇಮ.

ಈಗ ಆ ಎಪ್ಪತ್ತೆರಡಕ್ಕೆ ಬರ್ತೀನಿ. ಫೈಲನ್ನ ಪ್ರಿಂಟ್ ಅಂಗಡಿಗೆ ಕಳಿಸಿದ್ವಿ. ನಮ್ಮ ಕಂಪ್ಯೂಟರಿನಲ್ಲಿ ಅಕ್ಷರ ಸರಿಯಾಗಿತ್ತು. ಅವರ ಕಂಪ್ಯೂಟರಿನಲ್ಲಿ ತೆರೆದಾಗ, ಕನ್ನಡದ ಒತ್ತಕ್ಷರ ಜೋಡಿಸೋ ವ್ಯವಸ್ಥೆ ಆ ತಂತ್ರಾಂಶದಲ್ಲಿ ಚಾಲೂ ಇರಲಿಲ್ಲ. ಒತ್ತು ಕೆಳಗೆ ಹೋಗೋ ಬದಲು ಪಕ್ಕಕ್ಕೆ ಬಂತು. ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು? ಅವನಿಗೆ ಎಲ್ಲವೂ ಜಿಲೇಬಿಯೇ. ಅಚ್ಚಿಗೆ ಮುಂಚೆ ಅವನು ಮಾದರಿ ಕಳಿಸಿದ್ದ, ನಾನು ಆಫೀಸ್ ಮೀಟಿಂಗಿನಲ್ಲಿ ಫೋನಿನಲ್ಲಿ ನೋಡಿ, ಎತ್ತು ಚೆನ್ನಾಗಿದೆ ಅಂತ ಓಕೆ ಒತ್ತಿದೆ. ತಪ್ಪು ನನ್ನದೇ. ಡಬ್ಬ ಬಿಚ್ಚಿದಾಗಲೂ ಗೊತ್ತಾಗಲಿಲ್ಲ ನೋಡಿ! ಪಕ್ಕದ ಬೀದಿಯ ಸ್ನೇಹಿತರ ತಂದೆ, ಊರಿಂದ ಆರು ತಿಂಗಳಿಗೆ ಬಂದಿದ್ದ ನಿವೃತ್ತ ಮೇಷ್ಟ್ರು, ಕನ್ನಡಕ ಏರಿಸಿ ಓದಿದರು. "ಬಿಟ್... ಟ. ಎತ್... ತು. ಏನಪ್ಪಾ, ಎತ್ತಿಗೆ ಬಿಕ್ಕಳಿಕೆ ಬಂದಿದೆಯಾ?"

ನಾನು ಅರ್ಧ ಬೆಲೆಗೆ ಮಾರಿಬಿಡೋಣ ಅಂದೆ. ಮನೆಯವರು ಒಪ್ಪಲಿಲ್ಲ. "ಕನ್ನಡದ ಹೆಸರಿನಲ್ಲಿ ಮಾರೋದು, ಕನ್ನಡವೇ ತಪ್ಪು. ನಾಳೆ ಇದನ್ನ ಹಾಕ್ಕೊಂಡ ಮಗು ಇದೇ ಸರಿ ಅನ್ಕೊಳ್ಳುತ್ತೆ." ಒಂದು ವಾರ ಮಾತು ಬಿಟ್ಟಿದ್ವಿ. ಕೊನೆಗೆ ಅಂಗಡಿ ಅವರದು, ನನ್ನದೇನು ನಡೆಯುತ್ತೆ? ಮತ್ತೆ ಅಷ್ಟೇ ದುಡ್ಡು ಕೊಟ್ಟು ಹೊಸದು ಮಾಡಿಸಿದ್ವಿ. ಈ ಸಲ ಅಕ್ಷರವನ್ನ ಅಕ್ಷರವಾಗಿ ಕಳಿಸದೆ ಗೆರೆಯ ಚಿತ್ರವಾಗಿ ಮಾಡಿ ಕಳಿಸಿದ್ವಿ. ಕನ್ನಡದಲ್ಲಿ ಏನೇ ಅಚ್ಚು ಹಾಕಿಸೋರು, ಬ್ಯಾನರ್ ಆಗಲಿ ಮದುವೆ ಕಾರ್ಡ್ ಆಗಲಿ, ಇದೊಂದು ನೆನಪಿಟ್ಕೊಳ್ಳಿ: ಪಠ್ಯವನ್ನ ಔಟ್‌ಲೈನ್ ಮಾಡಿ ಕಳಿಸಿ, ಮಾದರಿಯನ್ನ ಕಾಗದದ ಮೇಲೆ ತೆಗೆದು ಗಟ್ಟಿಯಾಗಿ ಓದಿ.

ದುಡ್ಡಿನ ವಿಷಯ ಕೇಳ್ತೀರಿ ಅಂತ ಗೊತ್ತು. ಎರಡು ಬಣ್ಣದ ಅಚ್ಚು, ಆರು ಡಜನ್ ಅಂದರೆ ಒಂದಕ್ಕೆ ಎಂಟೂವರೆ ಡಾಲರ್ ಬಿತ್ತು. ಪ್ರತಿ ಬಣ್ಣಕ್ಕೂ ಒಂದು ಸ್ಕ್ರೀನ್, ಅದರ ಖರ್ಚು ಒಂದೇ ಸಲ, ಆದ್ದರಿಂದ ಹೆಚ್ಚು ಮಾಡಿಸಿದಷ್ಟೂ ಅಗ್ಗ. ಅದೇ ಬಲೆ ಕೂಡ. ಮಾರೋದು ಇಪ್ಪತ್ತು ಡಾಲರ್, ತೆರಿಗೆ ಸೇರಿ ಅಂತ ಬೋರ್ಡ್ ಹಾಕ್ತೀವಿ. ಶೇ. 8.25ರ ಲೆಕ್ಕದಲ್ಲಿ ಒಂದೂವರೆ ಡಾಲರ್ ಸರ್ಕಾರಕ್ಕೆ, ಕಾರ್ಡ್ ಉಜ್ಜಿದರೆ ಅದಕ್ಕೊಂದಿಷ್ಟು. ಒಂಬತ್ತು ಡಾಲರ್ ಮೇಲೆ ಉಳಿಯುತ್ತೆ ಅನ್ಕೊಳ್ಳಿ. ಅದರಲ್ಲಿ ಉಳಿದು ಹೋಗೋ ಸೈಜು, ಮೈಕ್ ಹಿಡಿದವರಿಗೆ, ಊಟ ಬಡಿಸಿದವರಿಗೆ ಕೊಟ್ಟಿದ್ದು ಕಳೆಯಿರಿ. ಐದು ಉಳಿದರೆ ಪುಣ್ಯ. ಮೊದಲ ಸಲದ ದಂಡ ಸೇರಿಸಿದರೆ ಎರಡು ವರ್ಷ ಏನೂ ಉಳಿಯಲಿಲ್ಲ.

ಹಾಡನ್ನೇ ಮಾರಬಾರದಾ ಅಂತೀರಿ. ಸ್ಟ್ರೀಮಿಂಗ್‌ನಲ್ಲಿ ನಮಗೆ ಬಂದಿದ್ದು ನೋಡಿದರೆ ಒಂದು ಅಂಗಿಯ ಲಾಭಕ್ಕೆ ಒಂದು ಹಾಡನ್ನ ಸುಮಾರು ಮೂರು ಸಾವಿರ ಸಲ ಯಾರಾದರೂ ಕೇಳಬೇಕು. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ವರ್ಷಕ್ಕೆ ಸಾವಿರ ಸಲ ಓಡದಿದ್ದರೆ ಅದಕ್ಕೆ ಕಾಸೇ ಇಲ್ಲ. ನಮ್ಮ ಆರು ಹಾಡಿನಲ್ಲಿ ನಾಲ್ಕು ಆ ಗೆರೆ ಕೆಳಗಿವೆ. ಬ್ಯಾಂಡ್‌ಕ್ಯಾಂಪ್ ವಾಸಿ, ಹಾಡಿಗೆ ನೂರಕ್ಕೆ 15, ವಸ್ತುವಿಗೆ ನೂರಕ್ಕೆ 10 ಹಿಡ್ಕೊಂಡು ಉಳಿದಿದ್ದು ಕೊಡ್ತಾರೆ. 2020ರ ಕೋವಿಡ್ ಕಾಲದಲ್ಲಿ ಕೆಲವು ಶುಕ್ರವಾರ ಅದನ್ನೂ ಬಿಟ್ಟುಕೊಟ್ಟರು.

ಏನು ಹೋಗುತ್ತೆ, ಏನು ಹೋಗಲ್ಲ? ನವೆಂಬರಿಗೆ ಕೆಂಪು ಹಳದಿ ಮಾಡಿಸಿದ್ವಿ. ರಾಜ್ಯೋತ್ಸವದ ದಿನ ಕಿತ್ಕೊಂಡು ಹೋದರು, ಡಿಸೆಂಬರಿನಲ್ಲಿ ಒಬ್ಬರೂ ಕೇಳಲಿಲ್ಲ. ಕಡು ನೀಲಿ ಮೇಲೆ ಬಿಳಿ ಎತ್ತು ವರ್ಷವಿಡೀ ಹೋಗುತ್ತೆ. ಯಾಕೆ ಅಂತ ಒಬ್ಬರು ಹೇಳಿದರು, ಮಾರಾಟದ ಪುಸ್ತಕ ಓದಿದರೂ ನನಗೆ ಹೊಳೀತಿರಲಿಲ್ಲ. ಎಚ್‌ಇಬಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸ್ತಿದ್ದಾಗ ಯಾರೋ ಅಪರಿಚಿತರು ಹಿಂದಿನಿಂದ "ಯಾವೂರಿನ ಎತ್ತು ಸಾರ್?" ಅಂದರಂತೆ. ತಿರುಗಿ ನೋಡಿದರೆ ಅರಸೀಕೆರೆಯವರು. ಅಲ್ಲೇ ಅರ್ಧ ಗಂಟೆ ಮಾತು. ಅಂಗಿಯಲ್ಲಿ ನಮ್ಮ ಬ್ಯಾಂಡಿನ ಹೆಸರು ಹಿಂದೆ ಸಣ್ಣಕ್ಷರದಲ್ಲಿದೆ, ಯಾರೂ ಓದಲ್ಲ. ಜನ ಕೊಂಡಿದ್ದು ಆ "ಯಾವೂರು" ಅನ್ನೋ ಪ್ರಶ್ನೆಯನ್ನ. 2018ರಲ್ಲಿ ಡಾಲಸ್‌ನಲ್ಲಿ ಅಕ್ಕ ಸಮ್ಮೇಳನ ಆದಾಗ ನಾವು ಸ್ಟಾಲ್ ಹಾಕಲಿಲ್ಲ, ಸುಮ್ಮನೆ ಅಂಗಿ ಹಾಕ್ಕೊಂಡು ಓಡಾಡಿದ್ವಿ. ಮುಂದಿನ ಒಂದು ತಿಂಗಳು ಮನೆಯವರ ಫೋನಿಗೆ ಬಿಡುವಿರಲಿಲ್ಲ. ಸೈಜಿನ ವಿಷಯ ಒಂದೇ ಮಾತು: ನಮ್ಮ ಗಂಡಸರು ಮದುವೆಗೆ ಮುಂಚಿನ ಸೈಜು ಹೇಳ್ತಾರೆ, ಎರಡು ದಿನ ಬಿಟ್ಟು ಬದಲಾಯಿಸೋಕೆ ಬರ್ತಾರೆ. ಮಕ್ಕಳ ಸೈಜು ಎಷ್ಟು ತರಿಸಿದರೂ ಸಾಲಲ್ಲ.

ಆ ತಬಲ ಹುಡುಗನ ವಿಷಯ ಅರ್ಧಕ್ಕೆ ಬಿಟ್ಟೆ.

ಅವನು ಎಫ್-1, ಒಪಿಟಿ. ಓದಿದ್ದಕ್ಕೆ ಸಂಬಂಧಪಟ್ಟ ಕೆಲಸ ಮಾತ್ರ ಮಾಡಬಹುದು. ಚಿತ್ರಕ್ಕೆ ಅಂತ ಒಂದು ಡಾಲರ್ ಕೊಟ್ಟರೂ ಅವನಿಗೇ ಅಪಾಯ. ಅದಕ್ಕೇ ಕೊಡಲಿಲ್ಲ. ಊಟ ಹಾಕಿದ್ವಿ, ಅಷ್ಟೆ. ಮೂರು ವರ್ಷ ಪ್ರತಿ ಕಾರ್ಯಕ್ರಮದಲ್ಲೂ ತಬಲ ಕಟ್ಟಿಟ್ಟು ಟೇಬಲ್ ಹತ್ತಿರ ಬಂದು ಮಡಚಿ, ಜೋಡಿಸಿ, ಬಂದವರಿಗೆ ಸೈಜು ಹುಡುಕಿ ಕೊಡೋನು. ಎಚ್-1ಬಿ ಲಾಟರಿಯಲ್ಲಿ 2017, 2018, 2019, ಮೂರು ಸಲವೂ ಹೆಸರು ಬರಲಿಲ್ಲ. 2019ರ ಬೇಸಿಗೆಯಲ್ಲಿ ಹೊರಟ. ಹಿಂದಿನ ರಾತ್ರಿ ನಮ್ಮ ಮನೆಯಲ್ಲೇ ಇದ್ದ. ಸೂಟ್‌ಕೇಸ್ ತೂಕ ಹಾಕ್ತಿದ್ವಿ, 23 ಕೆಜಿಗೆ ಇನ್ನೂ ಸ್ವಲ್ಪ ಜಾಗ ಇತ್ತು. ಅವನು ಸಂಕೋಚದಿಂದ ನಮ್ಮ ಮನೆಯವರನ್ನ ಕೇಳಿದ, "ಅಕ್ಕಾ, ಒಂದು ಮೀಡಿಯಂ ಇದ್ದರೆ ಕೊಡ್ತೀರಾ? ನನ್ನ ಹತ್ರ ಒಂದೂ ಇಲ್ಲ."

ಒಂದೂ ಇಲ್ಲ. ಮೂರು ವರ್ಷ. ಪ್ರತಿ ಸಲ ಕೊನೇ ಮೀಡಿಯಂ ಯಾರೋ ಕೇಳಿದಾಗ ತನಗಿಟ್ಟಿದ್ದನ್ನ ತೆಗೆದು ಕೊಟ್ಟಿದ್ದ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವತ್ತೂ ಮನೆಯಲ್ಲಿ ಮೀಡಿಯಂ ಇರಲಿಲ್ಲ. ನಾನು ಹಾಕ್ಕೊಂಡಿದ್ದ ಲಾರ್ಜ್ ಒಗೆದು, ಡ್ರೈಯರಿಗೆ ಹಾಕಿ, ಬೆಚ್ಚಗಿರೋವಾಗಲೇ ಮಡಚಿ ಕೊಟ್ಟೆ.

ಏರ್‌ಪೋರ್ಟಿನಿಂದ ಬಂದ ಮೇಲೆ ಮನೆಯವರು ತಮ್ಮ ನೋಟ್‌ಬುಕ್ ತೆಗೆದರು. "ರೀ, ಅವನ ಎತ್ತು ಇದುವರೆಗೂ 412 ಹೋಗಿದೆ." ಅಷ್ಟೇ ಅಂದರು. ನಾನು ಎಚ್-1ಬಿಯವನು ಅಂತ ಐದು ಡಾಲರ್ ಮುಟ್ಟೋಕಾಗದೆ ಒದ್ದಾಡಿದ್ದು ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ದೆ. ಪಕ್ಕದಲ್ಲೇ ಇದ್ದವನು ಏನೂ ಹೇಳದೆ ಇದ್ದ.

ಅವನು ಊರು ಸೇರಿದ ಮೇಲೆ ಒಂದು ಕರಾರು ಮಾಡಿದ್ವಿ. ಚಿತ್ರದ ಹಕ್ಕು ಅವನದು, ಇನ್ನು ಮುಂದೆ ಒಂದು ಅಂಗಿಗೆ ಎರಡು ಡಾಲರ್, ಮುಂಗಡ 824 ಡಾಲರ್. 412ನ್ನ ಎರಡರಿಂದ ಗುಣಿಸಿದರೆ ಎಷ್ಟು ಅಂತ ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇದಕ್ಕೂ ಕಾಗದ ಇದೆ. ಹೊರದೇಶದಲ್ಲಿರೋರಿಗೆ ರಾಯಲ್ಟಿ ಕೊಟ್ಟರೆ ಇಲ್ಲಿ ತೆರಿಗೆ ಹಿಡೀಬೇಕು, ಅವರು ಡಬ್ಲ್ಯು-8ಬೆನ್ ಅನ್ನೋ ಫಾರಂ ತುಂಬಿಕೊಟ್ಟರೆ ಭಾರತದ ಜೊತೆ ಇರೋ ಒಪ್ಪಂದದ ಪ್ರಕಾರ ಶೇ. 30ರ ಬದಲು 15. ಅಕೌಂಟೆಂಟ್ "ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟೆಲ್ಲಾ ಯಾಕೆ?" ಅಂದರು. ಮನೆಯವರು ಫಾರಂ ತುಂಬಿಸೇ ತುಂಬಿಸಿದರು, ಬ್ಯಾಂಕಿನವರಲ್ಲವಾ.

2021ರಲ್ಲಿ ಅವರ ಕಾರ್ಡ್ ನವೀಕರಣ ತಡವಾಯ್ತು. ಹಳೇದು ಮುಗೀತು, ಹೊಸದು ಬರಲಿಲ್ಲ. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗಾಗಿ ಕೆಲಸವೇ ಹೋಯ್ತು, ನಮ್ಮದು ಟೇಬಲ್ ಮುಚ್ಚಿದ್ದು ಅಷ್ಟೆ. ಆರು ತಿಂಗಳು ಡಬ್ಬಗಳು ಬಟ್ಟೆ ಬೀರುವಿನ ಮೇಲೆ ಕೂತವು, ಗ್ಯಾರೇಜಿನಲ್ಲಿ ಅಲ್ಲ, ಅಷ್ಟು ಬುದ್ಧಿ ಬಂದಿತ್ತು. 2020ರ ಅಕ್ಟೋಬರಿನಲ್ಲಿ ಇಬಿ-3ರ ಫೈಲಿಂಗ್ ತಾರೀಖು ಒಮ್ಮೆಲೇ ಮುಂದೆ ಬಂದಾಗ ನಾನೂ ಅರ್ಜಿ ಹಾಕಿದ್ದೆ, ನನ್ನ ಕಾರ್ಡ್ 2021ರ ಸೆಪ್ಟೆಂಬರಿನಲ್ಲಿ ಬಂತು. ಮತ್ತೊಮ್ಮೆ ವಕೀಲರನ್ನ ಕೇಳಿ, ಮೊದಲ ಸಲ ನಾನೇ ಟೇಬಲ್ ಹಿಂದೆ ನಿಂತೆ. ಒಬ್ಬರು ಇಪ್ಪತ್ತರ ನೋಟು ಕೊಟ್ಟರು. ಹನ್ನೆರಡು ವರ್ಷ ಈ ದೇಶದಲ್ಲಿ ಇದ್ದು, ಸಂಬಳ ಬಿಟ್ಟು ನಾನು ಕೈಯಲ್ಲಿ ತಗೊಂಡ ಮೊದಲ ದುಡ್ಡು. ಮಾವನಿಗೆ ಫೋನ್ ಮಾಡಿದೆ. "ಇಂಟರ್‌ವಲ್‌ನಲ್ಲಾ?" ಅಂದರು. ಹೌದು ಅಂದೆ.

ಬಿಸಿಬೇಳೆಬಾತ್ ಬಂತು ಅಂತ ಕಾರ್ಯದರ್ಶಿಗಳು ಕೈ ಮಾಡ್ತಿದ್ದಾರೆ. ಟೇಬಲ್ ಬಾಗಿಲ ಬಲಗಡೆ ಇದೆ, ಮನೆಯವರು ಕೂತಿದ್ದಾರೆ, ಲೆಕ್ಕ ಅವರ ಹತ್ರ. ಈ ಸಲದ ಅಚ್ಚಿನಲ್ಲಿ ಕತ್ತಿನ ಒಳಗಡೆ ದಾವಣಗೆರೆ ಹುಡುಗನ ಸಹಿ ಇದೆ, ತಿರುಗಿಸಿ ನೋಡಿ. ಡಬಲ್ ಎಕ್ಸೆಲ್ ಬೆಳಿಗ್ಗೇನೇ ಮುಗೀತು. ಮೀಡಿಯಂನಲ್ಲಿ ಒಂದು ತೆಗೆದಿಟ್ಟಿದ್ದೀವಿ, ಅದು ಅವನಿಗೆ ಹೋಗಬೇಕು, ಡಿಸೆಂಬರಿನಲ್ಲಿ ಊರಿಗೆ ಹೋಗೋರು ಯಾರಾದರೂ ಇದ್ದರೆ ಹೇಳಿ. ಈ ಬಿಕ್ಕಳಿಕೆ ಎತ್ತು ಮಾತ್ರ ಮಾರಾಟಕ್ಕಿಲ್ಲ, ದಯವಿಟ್ಟು ಯಾರೂ ಕೇಳಬೇಡಿ. ಮೇಷ್ಟ್ರು ವಾಪಸ್ ಹೋಗೋವಾಗ ಅವರೇ ಒಂದು ಕೇಳಿ ಇಸ್ಕೊಂಡು ಹೋದರು.